ಬಾಕ್ಸಿಂಗ್ ತೀರ್ಪಿನ ತಕರಾರು: ಪದೇ ಪದೇ ಕೇಳುವ ಪ್ರಶ್ನೆಗಳು

ಲಾಸ್ ವೇಗಸ್‌ನಲ್ಲಿ ಶನಿವಾರ ರಾತ್ರಿ ನಡೆಯುವ ದೊಡ್ಡ ಪಂದ್ಯ ನಮ್ಮಲ್ಲಿ ಭಾನುವಾರ ಬೆಳಿಗ್ಗೆ ತಿಂಡಿ ಹೊತ್ತಿಗೆ ಮುಗಿಯುತ್ತದೆ. ಊಟದ ಹೊತ್ತಿಗೆಲ್ಲ ‘ಮೋಸ’, ‘ಮೊದಲೇ ಫಿಕ್ಸ್ ಆಗಿತ್ತು’ ಎಂಬ ಮಾತು ಶುರುವಾಗಿರುತ್ತದೆ. ಆ ಮಾತುಕತೆಗಳಲ್ಲಿ, ಬಂದ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ. ತೀರ್ಪಿನ ಬಗ್ಗೆ ವಾದ ಮಾಡುವುದಾದರೆ ಒಂದೊಂದು ರೌಂಡ್ ಹಿಡಿದು ಮಾಡಬೇಕು ಎಂಬುದು ನಮ್ಮ ನಿಲುವು. ‘ಒಟ್ಟಾರೆ ಅವನೇ ಚೆನ್ನಾಗಿ ಆಡಿದ’ ಎನ್ನುವುದನ್ನು ಬರೆಯಲು ಯಾವ ಜಡ್ಜ್‌ನ ಕಾರ್ಡಿನಲ್ಲೂ (ಅಂಕಪಟ್ಟಿಯಲ್ಲೂ) ಜಾಗವಿಲ್ಲ.

## ಮೊದಲು ತಿಳಿಯಬೇಕಾದದ್ದು

ಯಾರೂ ನಾಕೌಟ್ ಆಗದೆ ಪಂದ್ಯ ಮುಗಿದರೆ ಗೆದ್ದವರು ಯಾರು ಅಂತ ಹೇಗೆ ತೀರ್ಮಾನಿಸ್ತಾರೆ?

ರಿಂಗಿನ ಮೂರು ಬದಿಗಳಲ್ಲಿ ಮೂವರು ಜಡ್ಜ್‌ಗಳು ಕೂತಿರುತ್ತಾರೆ. ಪುರುಷರ ವಿಶ್ವ ಪ್ರಶಸ್ತಿ ಪಂದ್ಯವೆಂದರೆ ತಲಾ 3 ನಿಮಿಷದ 12 ರೌಂಡ್, ನಡುನಡುವೆ 1 ನಿಮಿಷ ವಿರಾಮ. ಮಹಿಳೆಯರದು ಸಾಮಾನ್ಯವಾಗಿ 2 ನಿಮಿಷದ 10 ರೌಂಡ್. ರೌಂಡ್ ಮುಗಿದ ಕೂಡಲೇ ಪ್ರತಿಯೊಬ್ಬ ಜಡ್ಜ್ ಆ ರೌಂಡಿನ ಅಂಕ ಬರೆದು ಚೀಟಿ ಕೊಟ್ಟುಬಿಡಬೇಕು. ಕೊಟ್ಟ ಚೀಟಿಯನ್ನು ವಾಪಸ್ ಕೇಳಿ ತಿದ್ದುವ ಹಾಗಿಲ್ಲ, ಪಕ್ಕದ ಜಡ್ಜ್ ಜೊತೆ ಮಾತಾಡಿಕೊಳ್ಳುವ ಹಾಗೂ ಇಲ್ಲ. ಪಂದ್ಯದ ಮೇಲ್ವಿಚಾರಣೆ ನಡೆಸುವ ಕಮಿಷನ್‌ನ ಮೇಜಿನಲ್ಲಿ ಅಂಕಗಳನ್ನು ಕೂಡಿ ಕೊನೆಗೆ ಘೋಷಿಸುತ್ತಾರೆ.

ಈಗ ದೊಡ್ಡ ಪಂದ್ಯಗಳಲ್ಲಿ ರೆಫರಿ ಅಂಕ ಕೊಡುವುದು ಅಪರೂಪ. ಬ್ರಿಟನ್ನಿನಲ್ಲಿ ಮಾತ್ರ ಬಹುಕಾಲ ರೆಫರಿಯೊಬ್ಬರೇ ತೀರ್ಪುಗಾರರಾಗಿದ್ದರು. 1971ರಲ್ಲಿ ವೆಂಬ್ಲಿಯಲ್ಲಿ ಜೋ ಬಗ್ನರ್ ಅವರು ಹೆನ್ರಿ ಕೂಪರ್ ವಿರುದ್ಧ ಗೆದ್ದದ್ದು ಕಾಲು ಅಂಕದಿಂದ. ಆ ಕಾಲು ಅಂಕ ಕೊಟ್ಟವರು ರೆಫರಿ ಹ್ಯಾರಿ ಗಿಬ್ಸ್ ಒಬ್ಬರೇ.

115–113, 118–110 ಅಂತ ಹೇಳ್ತಾರಲ್ಲ, ಅದನ್ನು ಓದೋದು ಹೇಗೆ?

ರೌಂಡ್ ಗೆದ್ದವರಿಗೆ 10, ಸೋತವರಿಗೆ ಸಾಮಾನ್ಯವಾಗಿ 9. ಒಮ್ಮೆ ಕೆಳಗೆ ಬಿದ್ದರೆ 10–8, ಎರಡು ಸಲ ಬಿದ್ದರೆ 10–7. ಬೀಳದಿದ್ದರೂ ರೌಂಡ್ ಪೂರ್ತಿ ಏಟು ತಿಂದು ತತ್ತರಿಸಿದವರಿಗೆ 8 ಕೊಡಲು ಜಡ್ಜ್‌ಗೆ ಅವಕಾಶವಿದೆ. ಫೌಲ್‌ಗೆ ರೆಫರಿ ಅಂಕ ಕಡಿತ ಮಾಡಿದರೆ ಅದನ್ನು ರೌಂಡಿನ ಅಂಕ ಬರೆದ ಮೇಲೆ ಕಳೆಯುತ್ತಾರೆ. ಅದಕ್ಕೇ ಕೆಲವು ಕಾರ್ಡ್‌ಗಳಲ್ಲಿ 9–9 ಕಾಣುತ್ತದೆ.

12 ರೌಂಡಿನ ಪಂದ್ಯದಲ್ಲಿ ಯಾರೂ ಬೀಳದೆ, ಕಡಿತವೂ ಇಲ್ಲದಿದ್ದರೆ 114–114 ಅಂದರೆ 6–6. 115–113 ಅಂದರೆ 7–5, 116–112 ಅಂದರೆ 8–4, 117–111 ಅಂದರೆ 9–3, 118–110 ಅಂದರೆ 10–2, 120–108 ಅಂದರೆ ಒಬ್ಬರೇ ಎಲ್ಲ ರೌಂಡ್ ಬಾಚಿಕೊಂಡಿದ್ದಾರೆ. 120ರಿಂದ ಬಾಕ್ಸರ್ ಸೋತ ರೌಂಡ್, ಬಿದ್ದ ಸಲ, ಕಡಿತವಾದ ಅಂಕ ಇವಿಷ್ಟನ್ನು ಕಳೆದರೆ ಅವರ ಅಂಕ ಸಿಗುತ್ತದೆ. ಇಷ್ಟು ಗೊತ್ತಿದ್ದರೆ ‘115–113 ಅಂದರೆ ಎರಡೇ ಅಂಕ ತಾನೆ’ ಎಂಬ ಮಾತು ಬರುವುದಿಲ್ಲ. ಆ ಎರಡು ಅಂಕದ ಅಂತರ ಒಂದೇ ಒಂದು ರೌಂಡಿನದು. ಆ ರೌಂಡ್ ಆಚೆ ಹೋಗಿದ್ದರೆ ಕಾರ್ಡ್ ಡ್ರಾ.

ಸ್ಪ್ಲಿಟ್, ಮೆಜಾರಿಟಿ, ಯುನಾನಿಮಸ್: ಇವುಗಳಲ್ಲಿ ವ್ಯತ್ಯಾಸ ಏನು?

ಮೂವರೂ ಒಬ್ಬರಿಗೇ ಕೊಟ್ಟರೆ ಯುನಾನಿಮಸ್. ಇಬ್ಬರು ಒಬ್ಬರಿಗೆ, ಒಬ್ಬರು ಎದುರಾಳಿಗೆ ಕೊಟ್ಟರೆ ಸ್ಪ್ಲಿಟ್. ಇಬ್ಬರು ಒಬ್ಬರಿಗೆ ಕೊಟ್ಟು ಮೂರನೆಯವರು ಸಮ ಅಂದರೆ ಮೆಜಾರಿಟಿ. ಡ್ರಾಗೂ ಹೀಗೇ: ಒಬ್ಬರು ಇವರಿಗೆ, ಒಬ್ಬರು ಅವರಿಗೆ, ಒಬ್ಬರು ಸಮ ಅಂದರೆ ಸ್ಪ್ಲಿಟ್ ಡ್ರಾ; ಇಬ್ಬರು ಸಮ ಅಂದರೆ ಮೆಜಾರಿಟಿ ಡ್ರಾ. ಯುನಾನಿಮಸ್ ಅಂದ ಮಾತ್ರಕ್ಕೆ ಪಂದ್ಯ ಏಕಪಕ್ಷೀಯ ಅಂತಲ್ಲ. ಮೂವರೂ 115–113 ಕೊಟ್ಟಿರಬಹುದು.

ಡ್ರಾ ಆದರೆ ಚಾಂಪಿಯನ್ ಪಟ್ಟದ ಬೆಲ್ಟ್ ಯಾರಿಗೆ?

ಹಾಲಿ ಚಾಂಪಿಯನ್ ಹತ್ತಿರವೇ ಉಳಿಯುತ್ತದೆ.

ಜಡ್ಜ್ ಏನನ್ನು ನೋಡಿ ರೌಂಡ್ ಕೊಡ್ತಾರೆ?

ನಾಲ್ಕು ಅಂಶಗಳು: ನೇರವಾಗಿ ತಾಗಿದ ಶುದ್ಧ ಏಟು, ಫಲ ಕೊಟ್ಟ ಆಕ್ರಮಣ, ರಿಂಗಿನ ಮೇಲಿನ ಹಿಡಿತ, ರಕ್ಷಣೆ. ಪುಸ್ತಕದಲ್ಲಿ ನಾಲ್ಕೂ ಒಂದೇ ಸಾಲಿನಲ್ಲಿದ್ದರೂ ಒಳ್ಳೆಯ ಜಡ್ಜ್ ಮೊದಲು ನೋಡುವುದು ಶುದ್ಧ ಏಟನ್ನೇ. ಅದರಲ್ಲಿ ಇಬ್ಬರೂ ಸಮ ಅನ್ನಿಸಿದಾಗ ಮಾತ್ರ ಉಳಿದವು ತಕ್ಕಡಿಗೆ ಬರಬೇಕು.

ಶುದ್ಧ ಏಟು ಅಂದರೆ ಮುಚ್ಚಿದ ಗ್ಲೌಸಿನ ಗೆಣ್ಣಿನ ಭಾಗ ತಲೆಯ ಮುಂಭಾಗಕ್ಕೆ, ಪಕ್ಕಕ್ಕೆ, ಅಥವಾ ಸೊಂಟಪಟ್ಟಿಯ ಮೇಲಿನ ಮೈಗೆ ತಾಗಿದ್ದು. ಎದುರಾಳಿಯ ಗ್ಲೌಸ್, ತೋಳು, ಮೊಣಕೈಗೆ ಬಿದ್ದದ್ದು ಎಷ್ಟೇ ಜೋರಾಗಿ ಸದ್ದು ಮಾಡಿದರೂ ಲೆಕ್ಕಕ್ಕಿಲ್ಲ. ತಲೆಯ ಹಿಂಭಾಗಕ್ಕೆ ಬಿದ್ದದ್ದಂತೂ ಫೌಲ್.

ತಲೆಗೆ ತಲೆ ಡಿಕ್ಕಿಯಾಗಿ ರಕ್ತ ಬಂದು ಪಂದ್ಯ ನಿಂತರೆ?

ಆಕಸ್ಮಿಕ ಡಿಕ್ಕಿಯಾಗಿದ್ದು 4 ರೌಂಡ್ ಮುಗಿದಿದ್ದರೆ, ಅಲ್ಲಿಯವರೆಗಿನ ಕಾರ್ಡ್ ಕೂಡಿ ‘ಟೆಕ್ನಿಕಲ್ ಡಿಸಿಷನ್’ ಕೊಡುತ್ತಾರೆ. ಅರ್ಧಕ್ಕೆ ನಿಂತ ರೌಂಡಿಗೂ ಸಾಮಾನ್ಯವಾಗಿ ಅಂಕ ಬರೆಯುತ್ತಾರೆ. 4 ರೌಂಡ್ ಆಗುವ ಮೊದಲೇ ನಿಂತರೆ ಆಯಾ ಕಡೆಯ ನಿಯಮದಂತೆ ‘ನೋ ಕಾಂಟೆಸ್ಟ್’ (ಪಂದ್ಯವೇ ಲೆಕ್ಕಕ್ಕಿಲ್ಲ) ಅಥವಾ ಟೆಕ್ನಿಕಲ್ ಡ್ರಾ. ಏಟಿನಿಂದಲೇ ಗಾಯವಾಗಿದ್ದರೆ ಅದು ಟೆಕ್ನಿಕಲ್ ನಾಕೌಟ್ ಗೆಲುವು. ಗಾಯ ಏಟಿನಿಂದಲೋ ಡಿಕ್ಕಿಯಿಂದಲೋ ಎಂದು ಸ್ಥಳದಲ್ಲೇ ಹೇಳಬೇಕಾದವರು ರೆಫರಿ. ಇಂಥ ಪಂದ್ಯಗಳಲ್ಲಿ ಜಗಳ ಹುಟ್ಟುವುದೂ ಅಲ್ಲೇ.

## ಜಗಳ ಎಲ್ಲಿ ಹುಟ್ಟುತ್ತದೆ

ಜಾಸ್ತಿ ಹೊಡೆದವನೇ ಸೋತ ಅಂತಾರೆ. ಅದು ಹೇಗೆ ಸಾಧ್ಯ?

ಪ್ರತಿ ರೌಂಡ್ ಬೇರೆ ಬೇರೆ ಲೆಕ್ಕ. ಟೆನಿಸ್‌ನಲ್ಲಿ ಒಟ್ಟು ಹೆಚ್ಚು ಗೇಮ್ ಗೆದ್ದವರು ಸೆಟ್‌ಗಳಲ್ಲಿ ಸೋಲುವುದಿಲ್ಲವೇ, ಹಾಗೆ. ಒಬ್ಬರು 5 ರೌಂಡ್‌ಗಳಲ್ಲಿ ಎದುರಾಳಿಯನ್ನು ಬಡಿದುಹಾಕಿ, ಉಳಿದ 7 ರೌಂಡ್‌ಗಳನ್ನು ಕೂದಲೆಳೆಯಷ್ಟರಲ್ಲಿ ಕಳೆದುಕೊಂಡರೆ 113–115. ಬಡಿದುಹಾಕಿದ ರೌಂಡೂ 10–9, ಒಂದು ಜ್ಯಾಬ್ (ಮುಂದಿಟ್ಟ ಕೈಯ ಚುರುಕು ನೇರ ಏಟು) ಹೆಚ್ಚು ತಾಗಿಸಿ ಗೆದ್ದ ರೌಂಡೂ 10–9. ಈ ಪದ್ಧತಿಯ ದೊಡ್ಡ ಕೊರತೆ ಇದೇ. ತೀರಾ ಏಕಪಕ್ಷೀಯ ರೌಂಡಿಗೆ 10–8 ಬರೆಯಲು ಜಡ್ಜ್‌ಗಳು ಇನ್ನಷ್ಟು ಧೈರ್ಯ ಮಾಡಿದರೆ ಎಷ್ಟೋ ತಕರಾರು ಹುಟ್ಟುವುದೇ ಇಲ್ಲ.

ಇದಕ್ಕೆ ತಿರುಗುಮುರುಗಾಗಿಯೂ ಆಗುತ್ತದೆ. 2018ರ ಡಿಸೆಂಬರ್ 1ರಂದು ಲಾಸ್ ಏಂಜಲೀಸ್‌ನಲ್ಲಿ ಟೈಸನ್ ಫ್ಯೂರಿ 9 ಮತ್ತು 12ನೇ ರೌಂಡ್‌ಗಳಲ್ಲಿ ಡಿಯಾಂಟೆ ವೈಲ್ಡರ್ ಏಟಿಗೆ ಕೆಳಗೆ ಬಿದ್ದರು. ಕಾರ್ಡ್‌ಗಳು ಹೀಗಿದ್ದವು: 115–111 ವೈಲ್ಡರ್‌ಗೆ, 114–112 ಫ್ಯೂರಿಗೆ, 113–113 ಸಮ. ಬಿದ್ದ ಎರಡೂ ರೌಂಡ್ 10–8 ಅಂತ ಹಿಡಿದು ಲೆಕ್ಕ ಹಾಕಿ ನೋಡಿ. 113–113 ಬರೆದ ಜಡ್ಜ್ ಫ್ಯೂರಿಗೆ ಕೊಟ್ಟದ್ದು 7 ರೌಂಡ್, ವೈಲ್ಡರ್‌ಗೆ 5. ಹೆಚ್ಚು ರೌಂಡ್ ಗೆದ್ದರೂ ಎರಡು ಸಲ ಬಿದ್ದದ್ದು ಆ ಮುನ್ನಡೆಯನ್ನು ನುಂಗಿಹಾಕಿತು. ಫ್ಯೂರಿ ಗೆದ್ದರು ಎಂದ ಜಡ್ಜ್ ಅವರಿಗೆ 8 ರೌಂಡ್ ಕೊಟ್ಟಿದ್ದರೂ ಅಂತರ ಎರಡೇ ಅಂಕ.

ಪಂಚ್‌ಗಳ ಅಂಕಿಅಂಶ ತೋರಿಸಿದರೆ ವಾದ ಮುಗೀತಲ್ವಾ?

ಇಲ್ಲ. ಟಿವಿಯಲ್ಲಿ ಬರುವ ಕಂಪ್ಯೂಬಾಕ್ಸ್ ಸಂಖ್ಯೆ ಯಂತ್ರ ಎಣಿಸಿದ್ದಲ್ಲ. ಇಬ್ಬರು ಕೂತು, ತಲಾ ಒಬ್ಬ ಬಾಕ್ಸರ್ ಮೇಲೆ ಕಣ್ಣಿಟ್ಟು, ತಾಗಿದ ಜ್ಯಾಬ್, ತಪ್ಪಿದ ಜ್ಯಾಬ್, ತಾಗಿದ ಬಲವಾದ ಏಟು, ತಪ್ಪಿದ ಬಲವಾದ ಏಟು ಎಂದು ಕೀ ಒತ್ತುತ್ತಾ ಹೋಗುತ್ತಾರೆ. ಜ್ಯಾಬ್ ಅಲ್ಲದ್ದೆಲ್ಲ ‘ಬಲವಾದ ಏಟು’ ಅನ್ನಿಸಿಕೊಳ್ಳುತ್ತದೆ. ಸುಮ್ಮನೆ ತಟ್ಟಿದ ಹುಕ್‌ಗೂ (ಪಕ್ಕದಿಂದ ಬಾಗಿ ಬರುವ ಏಟು) ದವಡೆ ಅಲುಗಿಸಿದ ಹುಕ್‌ಗೂ ಅಲ್ಲಿ ಬೆಲೆ ಒಂದೇ. ಮೇಲಾಗಿ ಇಡೀ ಪಂದ್ಯದ ಮೊತ್ತಕ್ಕೂ ಕಾರ್ಡಿಗೂ ನೇರ ಸಂಬಂಧವಿಲ್ಲ.

ಹಾಗಂತ ಅದು ಪ್ರಯೋಜನಕ್ಕೆ ಬಾರದ್ದೂ ಅಲ್ಲ. ಒಂದು ರೌಂಡಿನ ಸಂಖ್ಯೆಯನ್ನು ಹಿಡಿದು ಕೇಳಿದಾಗ ಅದು ಗಟ್ಟಿ ಸಾಕ್ಷಿ. 1999ರ ಮಾರ್ಚ್ 13ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಲೆನಾಕ್ಸ್ ಲೂಯಿಸ್ ಮತ್ತು ಇವಾಂಡರ್ ಹೋಲಿಫೀಲ್ಡ್ ಪಂದ್ಯ ಡ್ರಾ ಆಯಿತು. ಲೂಯಿಸ್ ತಾಗಿಸಿದ್ದು 348 ಏಟು, ಹೋಲಿಫೀಲ್ಡ್ 130. ಈ ಮೊತ್ತ ಅನುಮಾನ ಹುಟ್ಟಿಸುತ್ತದೆ, ಅಷ್ಟೇ. 5ನೇ ರೌಂಡ್ ಬೇರೆ ಮಾತು. ಅದರಲ್ಲಿ ಲೂಯಿಸ್ 43, ಹೋಲಿಫೀಲ್ಡ್ 11. ಜಡ್ಜ್ ಯುಜೀನಿಯಾ ವಿಲಿಯಮ್ಸ್ ಆ ರೌಂಡನ್ನು ಹೋಲಿಫೀಲ್ಡ್‌ಗೆ ಕೊಟ್ಟರು. ಅದನ್ನು ಲೂಯಿಸ್‌ಗೆ ಕೊಟ್ಟಿದ್ದರೆ ಹೋಲಿಫೀಲ್ಡ್ ಪರ 115–113 ಬಂದ ಅವರ ಕಾರ್ಡ್ 114–114 ಆಗುತ್ತಿತ್ತು, ‘ಪಂದ್ಯ ಲೂಯಿಸ್‌ದಾಗುತ್ತಿತ್ತು’ ಎಂದು ವಾದಿಸುವವರಿದ್ದಾರೆ. ಉಳಿದಿಬ್ಬರದು 116–113 ಲೂಯಿಸ್‌ಗೆ ಮತ್ತು 115–115 ಸಮ. ಹಾಗಾಗಿದ್ದರೆ ಒಬ್ಬರು ಲೂಯಿಸ್ ಪರ, ಇಬ್ಬರು ಸಮ ಎಂದಾಗಿ ಮೆಜಾರಿಟಿ ಡ್ರಾ ತಾನೆ ಎಂದು ನೀವು ಕೇಳಬಹುದು. ಹೌದು, ಲೆಕ್ಕ ಹಾಗೇ ಬರುತ್ತದೆ. ಮೇಲಿನ ‘ಪಂದ್ಯ ಲೂಯಿಸ್‌ದಾಗುತ್ತಿತ್ತು’ ಎಂಬ ಮಾತು ವಾದಗಳಲ್ಲಿ ದಿನಾ ಕೇಳಿಬರುವ ತಪ್ಪು. ಒಂದು ಕೆಟ್ಟ ರೌಂಡನ್ನು ಸರಿಪಡಿಸಿದರೂ ಫಲಿತಾಂಶ ಬದಲಾಗುವುದಿಲ್ಲ, ಇನ್ನೊಂದು ರೌಂಡ್ ಬೇಕಿತ್ತು.

ಟಿವಿಯಲ್ಲಿ ನಮಗೆಲ್ಲ ಕಂಡದ್ದು ರಿಂಗಿನ ಪಕ್ಕದಲ್ಲೇ ಕೂತ ಜಡ್ಜ್‌ಗೆ ಯಾಕೆ ಕಾಣಲ್ಲ?

ಜಡ್ಜ್‌ಗೆ ಇರುವುದು ಒಂದೇ ಕೋನ. ಬಾಕ್ಸರ್ ಬೆನ್ನು ಅವರ ಕಡೆ ತಿರುಗಿದ್ದರೆ ಎದುರಿನಿಂದ ಬಂದ ಏಟು ಮುಖಕ್ಕೆ ತಾಗಿತೋ ಗ್ಲೌಸಿಗೆ ತಾಗಿತೋ ಗೊತ್ತಾಗುವುದಿಲ್ಲ. ನಡುವೆ ರೆಫರಿ ಬರುತ್ತಾರೆ, ಮೂಲೆಯ ಕಂಬ ಅಡ್ಡವಾಗುತ್ತದೆ, ಹಗ್ಗಗಳಿರುತ್ತವೆ. ಮೂವರನ್ನು ಮೂರು ಬದಿಗೆ ಕೂರಿಸುವುದು ಇದಕ್ಕಾಗಿಯೇ. ಅವರಿಗೆ ರೀಪ್ಲೇ ಇಲ್ಲ.

ನಮಗೂ ಕೆಲವು ಕಾಣುವುದಿಲ್ಲ. ಕ್ಯಾಮೆರಾ ಮೇಲಿನಿಂದ ನೋಡುವಾಗ ಪಕ್ಕೆಗೆ, ಹೊಟ್ಟೆಗೆ ಬಿದ್ದ ಏಟಿನ ಭಾರ ತಿಳಿಯುವುದಿಲ್ಲ. ರಿಂಗಿನ ಪಕ್ಕ ಕೂತವರಿಗೆ ಬಾಕ್ಸರ್ ಉಸಿರು ಬಿಡುವುದು ಕೇಳುತ್ತದೆ. ಜೊತೆಗೆ ನಮ್ಮ ಕಿವಿಗೆ ಕಾಮೆಂಟರಿ ಬೀಳುತ್ತಿರುತ್ತದೆ. ಕಾಮೆಂಟೇಟರ್ ಮೊದಲ ಮೂರು ರೌಂಡಿನಲ್ಲೇ ಒಂದು ಕಥೆ ಹಿಡಿದುಬಿಟ್ಟರೆ ಉಳಿದ ಒಂಬತ್ತನ್ನು ನಾವು ಅದೇ ಕಣ್ಣಿನಿಂದ ನೋಡುತ್ತೇವೆ.

ಚಾಂಪಿಯನ್‌ನನ್ನು ಸೋಲಿಸಬೇಕಾದರೆ ಸ್ಪಷ್ಟವಾಗಿ ಸೋಲಿಸಬೇಕು ಅನ್ನೋ ನಿಯಮ ಇದೆಯಾ?

ಇಲ್ಲ. ಎಲ್ಲೂ ಇಲ್ಲ. ಒಂದನೇ ರೌಂಡಿನ ಗಂಟೆ ಹೊಡೆದಾಗ ಇಬ್ಬರೂ ಸೊನ್ನೆಯಿಂದಲೇ ಶುರು. ಈ ಮಾತನ್ನು ಕಾರಣವಾಗಿ ಹೇಳುವ ಜಡ್ಜ್ ಇದ್ದರೆ ಅವರು ಆ ಕುರ್ಚಿಗೆ ತಕ್ಕವರಲ್ಲ.

ಮುನ್ನುಗ್ಗಿ ಆಡಿದವನು ಸೋತು, ಹಿಂದೆ ಸರಿದವನು ಗೆಲ್ಲೋದು ನ್ಯಾಯವೇ?

ಮುನ್ನುಗ್ಗಿದ್ದಕ್ಕೆ ಅಂಕವಿಲ್ಲ, ಮುನ್ನುಗ್ಗಿ ತಾಗಿಸಿದ್ದಕ್ಕೆ ಇದೆ. ಗಾಳಿಗೆ ಹೊಡೆಯುತ್ತಾ, ಎದುರಿನಿಂದ ಜ್ಯಾಬ್ ತಿನ್ನುತ್ತಾ ಹೆಜ್ಜೆ ಮುಂದಿಟ್ಟರೆ ಅದು ಫಲ ಕೊಟ್ಟ ಆಕ್ರಮಣವಲ್ಲ. ಹಾಗೆಯೇ ಏಟು ತಪ್ಪಿಸಿಕೊಂಡು ಓಡಾಡಿದ್ದಷ್ಟಕ್ಕೇ ರೌಂಡ್ ಸಿಗಬಾರದು.

1987ರ ಏಪ್ರಿಲ್ 6ರಂದು ಲಾಸ್ ವೇಗಸ್‌ನಲ್ಲಿ ನಡೆದ ಶುಗರ್ ರೇ ಲೆನಾರ್ಡ್ ಮತ್ತು ಮಾರ್ವಿನ್ ಹ್ಯಾಗ್ಲರ್ ಪಂದ್ಯದ ಜಗಳ ಇನ್ನೂ ಮುಗಿಯದಿರುವುದು ಇದರಿಂದಲೇ. ಹ್ಯಾಗ್ಲರ್ ಬೆನ್ನಟ್ಟಿದರು. ಲೆನಾರ್ಡ್ ಸುತ್ತುತ್ತಾ ಇದ್ದು, ರೌಂಡಿನ ಕೊನೆಯ ಅರ್ಧ ನಿಮಿಷದಲ್ಲಿ ಏಟುಗಳ ಸುರಿಮಳೆ ಸುರಿಸಿ ಜಡ್ಜ್‌ಗಳ ಕಣ್ಣಿಗೆ ಆ ರೌಂಡನ್ನು ತಮ್ಮದೆಂದು ತೋರಿಸಿದರು. ಕಾರ್ಡ್‌ಗಳು 115–113 ಹ್ಯಾಗ್ಲರ್‌ಗೆ, 115–113 ಲೆನಾರ್ಡ್‌ಗೆ, 118–110 ಲೆನಾರ್ಡ್‌ಗೆ. ಮೊದಲ ಎರಡನ್ನೂ ಸಮರ್ಥಿಸಬಹುದು, ಮೂರನೆಯದನ್ನು ಸಾಧ್ಯವಿಲ್ಲ. ಹ್ಯಾಗ್ಲರ್ ಆಮೇಲೆ ರಿಂಗಿಗೆ ಇಳಿಯಲೇ ಇಲ್ಲ.

ಮುಂದಿದ್ದೀನಿ ಅಂದುಕೊಂಡು ಕೊನೆಯ ರೌಂಡ್‌ಗಳಲ್ಲಿ ಸುಮ್ಮನಿದ್ದರೆ ಏನಾಗುತ್ತೆ?

1999ರ ಸೆಪ್ಟೆಂಬರ್ 18ರಂದು ಆಸ್ಕರ್ ಡೆ ಲಾ ಹೋಯಾಗೆ ಆದದ್ದು ಆಗುತ್ತದೆ. ಫೆಲಿಕ್ಸ್ ಟ್ರಿನಿಡಾಡ್ ವಿರುದ್ಧ ತಾನು ಸಾಕಷ್ಟು ಮುಂದಿದ್ದೇನೆಂದು ನಂಬಿ ಅವರು ಕೊನೆಯ ರೌಂಡ್‌ಗಳನ್ನು ಓಡಾಡಿ ಕಳೆದರು. 115–113, 115–114, 114–114ರ ಮೆಜಾರಿಟಿ ತೀರ್ಪಿನಲ್ಲಿ ಸೋತರು. ಕಾರ್ನರ್‌ನವರು (ಬಾಕ್ಸರ್‌ನ ತರಬೇತುದಾರ, ಸಹಾಯಕರು) ‘ಗೆಲ್ತಾ ಇದ್ದೀಯ’ ಎನ್ನುವುದು ಅವರ ಸ್ವಂತ ಲೆಕ್ಕ. ಜಡ್ಜ್‌ನ ಚೀಟಿ ಅವರಿಗೂ ಕಾಣುವುದಿಲ್ಲ.

ಕಣ್ಣೆದುರಿಗೇ ಮಂಡಿಯೂರಿದರೂ ನಾಕ್‌ಡೌನ್ ಕೊಡಲಿಲ್ಲ. ಜಡ್ಜ್ ತಾವೇ ಲೆಕ್ಕಕ್ಕೆ ತಗೋಬಹುದಿತ್ತಲ್ಲ?

ತಗೊಳ್ಳುವ ಹಾಗಿಲ್ಲ. ನಾಕ್‌ಡೌನೋ ಜಾರಿದ್ದೋ ಎಂದು ಹೇಳುವ ಅಧಿಕಾರ ರೆಫರಿಯದು, ಜಡ್ಜ್ ಅದನ್ನೇ ಪಾಲಿಸಬೇಕು.

2025ರ ಮಾರ್ಚ್ 1ರಂದು ಬ್ರೂಕ್ಲಿನ್‌ನಲ್ಲಿ ಹಾಲಿ ಚಾಂಪಿಯನ್ ಗೆರ್ವಾಂಟಾ ಡೇವಿಸ್ 9ನೇ ರೌಂಡ್ ನಡುವೆ ತಾವಾಗಿಯೇ ಒಂದು ಮಂಡಿಯೂರಿದರು. ಎದ್ದು ತಮ್ಮ ಮೂಲೆಗೆ ಹೋಗಿ ಮುಖ ಒರೆಸಿಕೊಂಡರು. ಕೂದಲಿಗೆ ಹಚ್ಚಿದ್ದು ಕಣ್ಣಿಗೆ ಇಳಿಯಿತು ಎಂದು ಆಮೇಲೆ ಹೇಳಿದರು. ರೆಫರಿ ಅದನ್ನು ನಾಕ್‌ಡೌನ್ ಎನ್ನಲಿಲ್ಲ. ಎದುರಾಳಿ ಲಮಾಂಟ್ ರೋಚ್. ಕಾರ್ಡ್‌ಗಳು 115–113 ಡೇವಿಸ್‌ಗೆ, ಉಳಿದೆರಡೂ 114–114. ಡೇವಿಸ್‌ಗೆ ಆ ರೌಂಡಿನಲ್ಲಿ ಒಂದೇ ಅಂಕ ಕಡಿಮೆಯಾಗಿದ್ದರೂ ಆ ಎರಡು ಕಾರ್ಡ್ ರೋಚ್ ಕಡೆ ತಿರುಗಿ ಬೆಲ್ಟ್ ಕೈ ಬದಲಾಗುತ್ತಿತ್ತು. ಇಲ್ಲಿ ಜಡ್ಜ್‌ಗಳನ್ನು ಬೈದು ಪ್ರಯೋಜನವಿಲ್ಲ. ಯಾರ ತಪ್ಪು ಎಂದು ಬೇರ್ಪಡಿಸಿಕೊಂಡು ವಾದಕ್ಕೆ ಇಳಿಯಬೇಕು.

## ವಾದಕ್ಕೆ ಇಳಿಯುವವರಿಗೆ

ನಾನೇ ಸ್ಕೋರ್ ಮಾಡಬೇಕು ಅಂದರೆ ಹೇಗೆ ಮಾಡಲಿ?

ಟಿವಿ ಸದ್ದು ಪೂರ್ತಿ ನಿಲ್ಲಿಸಿ. ಒಂದು ಹಾಳೆಯಲ್ಲಿ 12 ಸಾಲು ಎಳೆದು, ಪ್ರತಿ ಸಾಲಿನಲ್ಲಿ ರೌಂಡಿನ ಸಂಖ್ಯೆ, ಇಬ್ಬರ ಅಂಕ, ಒಂದು ಗುರುತಿನ ಖಾನೆ ಮಾಡಿಕೊಳ್ಳಿ. ರೌಂಡ್ ಮುಗಿದ ಗಂಟೆ ಹೊಡೆದು 15 ಸೆಕೆಂಡಿನೊಳಗೆ, ರೀಪ್ಲೇ ಬರುವ ಮುಂಚೆಯೇ ಬರೆದುಬಿಡಿ. ನಿಧಾನಗತಿಯಲ್ಲಿ ತೋರಿಸುವ ಒಂದೇ ಏಟು ಇಡೀ ಮೂರು ನಿಮಿಷವನ್ನು ಮರೆಸಿಬಿಡುತ್ತದೆ.

ರೌಂಡನ್ನು ಮನಸ್ಸಿನಲ್ಲಿ ಮೂರು ಒಂದೊಂದು ನಿಮಿಷಗಳಾಗಿ ಒಡೆದುಕೊಳ್ಳಿ. ಪ್ರತಿ ನಿಮಿಷ ಯಾರದು ಎಂದು ಗುರುತಿಟ್ಟುಕೊಂಡರೆ ಕೊನೆಯ ಸುರಿಮಳೆಗೆ ಮರುಳಾಗುವುದು ತಪ್ಪುತ್ತದೆ. ಗುರುತಿನ ಖಾನೆಯಲ್ಲಿ ‘ಸ್ಪಷ್ಟ’ ಅಥವಾ ‘ತೂಗಾಟ’ ಎಂದು ಬರೆಯಿರಿ. ತೂಗಾಟ ಅಂದರೆ ಪಕ್ಕದಲ್ಲಿ ಕೂತ ತಿಳಿದವರು ಬೇರೆಯವರಿಗೆ ಕೊಟ್ಟರೂ ನೀವು ಜಗಳಕ್ಕೆ ಹೋಗದ ರೌಂಡ್. ಮೊತ್ತವನ್ನು ನಡುನಡುವೆ ಕೂಡಬೇಡಿ. ಕೂಡಿದರೆ ಹಿಂದಿರುವವರ ಮೇಲೆ ಕನಿಕರ ಹುಟ್ಟಿ ಮುಂದಿನ ರೌಂಡ್ ಆ ಕಡೆ ವಾಲುತ್ತದೆ.

ಹೊಸಬರು ಸಾಮಾನ್ಯವಾಗಿ ಎಡವುವ ಜಾಗಗಳು: ತಮ್ಮ ಮೆಚ್ಚಿನ ಬಾಕ್ಸರ್ ಹೊಡೆದದ್ದನ್ನು ನೋಡಿ ತಿಂದದ್ದನ್ನು ನೋಡದಿರುವುದು, ಜನರ ಕೂಗನ್ನು ಏಟು ಎಂದು ಎಣಿಸುವುದು, ಹುಬ್ಬು ಹರಿದು ರಕ್ತ ಸುರಿದವರು ಸೋಲುತ್ತಿದ್ದಾರೆ ಅಂದುಕೊಳ್ಳುವುದು.

ಹಾಗೆ ಬರೆದ ಹಾಳೆ ಇಟ್ಟುಕೊಂಡು ‘ಇದು ದರೋಡೆ’ ಅಂತ ಯಾವಾಗ ಹೇಳಬಹುದು?

ನಿಮ್ಮ ಹಾಳೆಯಿಂದ ಒಂದು ಕಾರ್ಡಲ್ಲ, ಒಂದು ವ್ಯಾಪ್ತಿ ತೆಗೆಯಿರಿ. ಒಬ್ಬರಿಗೆ ಸ್ಪಷ್ಟ 5, ಇನ್ನೊಬ್ಬರಿಗೆ ಸ್ಪಷ್ಟ 4, ತೂಗಾಟ 3 ಅಂದುಕೊಳ್ಳಿ. ಮೂರೂ ಮೊದಲಿನವರಿಗೆ ಹೋದರೆ 116–112. ಮೂರೂ ಎರಡನೆಯವರಿಗೆ ಹೋದರೆ 115–113 ಅವರ ಪರ. ಈ ಎರಡರ ನಡುವಿನ ಯಾವ ಕಾರ್ಡನ್ನೂ ದರೋಡೆ ಎನ್ನಲಾಗದು, ನಿಮಗೆ ಬೇಸರವಾದರೂ. ಅದರಾಚೆ ಬಿದ್ದ ಕಾರ್ಡ್ ಬಂದರೆ ಆ ಜಡ್ಜ್ ಉತ್ತರ ಕೊಡಬೇಕು.

2017ರ ಸೆಪ್ಟೆಂಬರ್ 16ರ ಕನೇಲೊ ಅಲ್ವಾರೆಜ್ ಮತ್ತು ಗೆನ್ನಾಡಿ ಗೊಲೊವ್ಕಿನ್ ಪಂದ್ಯಕ್ಕೆ ಇದನ್ನು ಹಚ್ಚಿ ನೋಡಿ. ಡೇವ್ ಮೊರೆಟ್ಟಿ 115–113 ಗೊಲೊವ್ಕಿನ್‌ಗೆ, ಡಾನ್ ಟ್ರೆಲ್ಲಾ 114–114, ಅಡಲೇಡ್ ಬರ್ಡ್ 118–110 ಕನೇಲೊಗೆ. ಮೊದಲೆರಡು ವ್ಯಾಪ್ತಿಯ ಒಳಗಿವೆ. ಮೂರನೆಯದು ನಿಲ್ಲಬೇಕಾದರೆ ಗೊಲೊವ್ಕಿನ್ 12ರಲ್ಲಿ ಎರಡೇ ರೌಂಡ್ ಗೆದ್ದಿರಬೇಕು. ಆ ಪಂದ್ಯವನ್ನು ಎಷ್ಟು ಸಲ ನೋಡಿದರೂ ಆ ಲೆಕ್ಕ ಕೂಡಿಬರುವುದಿಲ್ಲ. ಆದ್ದರಿಂದ ‘ಡ್ರಾ ಅನ್ಯಾಯ’ ಎನ್ನುವುದಕ್ಕಿಂತ ‘118–110 ಅನ್ಯಾಯ’ ಎನ್ನುವುದು ಗಟ್ಟಿ ವಾದ.

ಒಂದಲ್ಲ, ಎರಡು ಕಾರ್ಡ್ ಹಳಿ ತಪ್ಪಿದಾಗ ಮಾತ್ರ ದರೋಡೆ ಎಂಬ ಪದ ಸಲ್ಲುತ್ತದೆ. 1993ರ ಸೆಪ್ಟೆಂಬರ್ 10ರಂದು ಸ್ಯಾನ್ ಆಂಟೋನಿಯೊದಲ್ಲಿ ಪರ್ನೆಲ್ ವಿಟೇಕರ್ 87 ಪಂದ್ಯ ಗೆದ್ದು ಸೋಲನ್ನೇ ಕಾಣದ ಹೂಲಿಯೊ ಸೀಸರ್ ಚಾವೆಜ್‌ಗೆ ರೌಂಡಿನ ಮೇಲೆ ರೌಂಡ್ ಪಾಠ ಹೇಳಿದರು. ಇಬ್ಬರು ಜಡ್ಜ್ 115–115 ಬರೆದರು, ಪಂದ್ಯ ಡ್ರಾ. ನಮ್ಮ ಮಟ್ಟಿಗೆ ಆ ಪದಕ್ಕೆ ಅಳತೆಗೋಲು ಈ ಪಂದ್ಯ.

ಕಾರ್ಡಿನ ಮೊತ್ತ ನೋಡಿದ ಕೂಡಲೇ ಒಳಗೇನಾಗಿದೆ ಅಂತ ತಿಳಿಯೋ ಉಪಾಯ ಇದೆಯಾ?

ಇದೆ. ಇಬ್ಬರ ಅಂಕವನ್ನೂ ಕೂಡಿ. 12 ರೌಂಡೂ 10–9 ಆಗಿದ್ದರೆ ಮೊತ್ತ 228. ಪ್ರತಿ ನಾಕ್‌ಡೌನ್‌ಗೆ, ಪ್ರತಿ ಕಡಿತಕ್ಕೆ 1 ಕಡಿಮೆಯಾಗುತ್ತದೆ. ಸಮವೆಂದು ಬರೆದ ಪ್ರತಿ 10–10 ರೌಂಡಿಗೆ 1 ಹೆಚ್ಚುತ್ತದೆ. ವಿಟೇಕರ್ ಪಂದ್ಯದ 115–115 ಕೂಡಿದರೆ 230. ಅಂದರೆ ಆ ಇಬ್ಬರು ಜಡ್ಜ್‌ಗಳೂ ತಲಾ ಎರಡು ರೌಂಡನ್ನು ಸಮ ಎಂದು ಬರೆದಿದ್ದಾರೆ. ಎಲ್ಲರಿಗೂ ಯಾರದೆಂದು ಕಾಣುವ ರೌಂಡನ್ನು ಸಮ ಮಾಡುವುದೇ ಡ್ರಾಗೆ ಹತ್ತಿರದ ದಾರಿ. ಮೊತ್ತ ಮೊದಲೇ ಇದನ್ನು ಬಿಟ್ಟುಕೊಡುತ್ತದೆ.

2022ರ ಫೆಬ್ರವರಿ 26ರಂದು ಗ್ಲಾಸ್ಗೋದಲ್ಲಿ ಜೋಶ್ ಟೇಲರ್, ಜ್ಯಾಕ್ ಕ್ಯಾಟೆರಲ್ ವಿರುದ್ಧ ಗೆದ್ದ ಕಾರ್ಡ್‌ಗಳು 114–111, 113–112. ಮೂರನೆಯದು 113–112 ಕ್ಯಾಟೆರಲ್‌ಗೆ. ಮೂರರ ಮೊತ್ತವೂ 225. ಟೇಲರ್ 8ನೇ ರೌಂಡಿನಲ್ಲಿ ಬಿದ್ದದ್ದಕ್ಕೆ 1, ಇಬ್ಬರಿಗೂ ಒಂದೊಂದು ಅಂಕ ಕಡಿತವಾದದ್ದಕ್ಕೆ 2. ಲೆಕ್ಕ ಸರಿಯಿದೆ, ಹಾಗಾದರೆ ತಕರಾರು ಕೂಡುವುದರಲ್ಲಿ ಅಲ್ಲ, ರೌಂಡ್ ಕೊಟ್ಟದ್ದರಲ್ಲಿ. ಮೂರು ಕಾರ್ಡಿನ ಮೊತ್ತ ಬೇರೆ ಬೇರೆ ಬಂದು, 10–10ರಿಂದಲೂ ಅದು ವಿವರಣೆಯಾಗದಿದ್ದರೆ ಯಾವುದೋ ರೌಂಡನ್ನು ಯಾರೋ ಬೇರೆ ರೀತಿ ಬರೆದಿದ್ದಾರೆ. ಅಲ್ಲಿಂದ ಹುಡುಕಲು ಶುರು ಮಾಡಿ.

ಮೇರಿ ಕೋಮ್ ಮೂರರಲ್ಲಿ ಎರಡು ರೌಂಡ್ ಗೆದ್ದೂ ಸೋತದ್ದು ಹೇಗೆ?

ಅದು ಹವ್ಯಾಸಿ ಬಾಕ್ಸಿಂಗ್: 3 ರೌಂಡ್, 5 ಜಡ್ಜ್‌ಗಳು. 2021ರ ಜುಲೈ 29ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕೊಲಂಬಿಯಾದ ಇಂಗ್ರಿಟ್ ವೆಲೆನ್ಸಿಯಾ ವಿರುದ್ಧ ಮೊದಲ ರೌಂಡ್ ಮೇರಿ ಕೈಬಿಟ್ಟಿತು, 4 ಜಡ್ಜ್‌ಗಳು ಎದುರಾಳಿಗೆ ಕೊಟ್ಟರು. ಮುಂದಿನ ಎರಡೂ ರೌಂಡ್ 3–2ರಿಂದ ಮೇರಿಯದು. ಆದರೆ ಗೆಲುವು ನಿರ್ಧಾರವಾಗುವುದು ರೌಂಡಿನ ಬಹುಮತದಿಂದಲ್ಲ, ಒಬ್ಬೊಬ್ಬ ಜಡ್ಜ್‌ನ ಒಟ್ಟು ಕಾರ್ಡಿನಿಂದ. ಮೂವರ ಕಾರ್ಡ್ ವೆಲೆನ್ಸಿಯಾ ಕಡೆ ನಿಂತಿತು. ವೃತ್ತಿಪರ ಬಾಕ್ಸಿಂಗಿನಲ್ಲೂ ಇದೇ ತತ್ವ: ಮೂವರು ಜಡ್ಜ್‌ಗಳ ರೌಂಡ್‌ಗಳನ್ನು ಬೆರೆಸಿ ಬಹುಮತ ತೆಗೆಯಬೇಡಿ.

## ತೀರ್ಪು ಹೊರಬಿದ್ದ ಮೇಲೆ

ತಪ್ಪು ತೀರ್ಪನ್ನು ಬದಲಾಯಿಸೋಕೆ ಆಗಲ್ವಾ?

ಜಡ್ಜ್‌ನ ಅಭಿಪ್ರಾಯ ತಪ್ಪು ಎಂಬ ಕಾರಣಕ್ಕೆ ಆಗುವುದಿಲ್ಲ. ದೊಡ್ಡ ಪಂದ್ಯಗಳು ಹೆಚ್ಚು ನಡೆಯುವ ನೆವಾಡಾದ ನಿಯಮದಲ್ಲಿ ಮೂರೇ ಬಾಗಿಲು: ಒಳಸಂಚು ನಡೆದಿದ್ದರೆ, ಕಾರ್ಡ್ ಕೂಡುವಾಗ ತಪ್ಪಾಗಿ ಗೆಲುವು ಬೇರೆಯವರಿಗೆ ಹೋಗಿದ್ದರೆ, ರೆಫರಿ ನಿಯಮವನ್ನೇ ತಪ್ಪಾಗಿ ಅರ್ಥೈಸಿದ್ದರೆ.

2012ರ ಜೂನ್ 9ರಂದು ಟಿಮೋಥಿ ಬ್ರ್ಯಾಡ್ಲಿ ಸ್ಪ್ಲಿಟ್ ತೀರ್ಪಿನಲ್ಲಿ ಮ್ಯಾನಿ ಪ್ಯಾಕಿಯಾವೊ ಅವರನ್ನು ಸೋಲಿಸಿದಾಗ ವಿಶ್ವ ಪ್ರಶಸ್ತಿ ನೀಡುವ ಸಂಸ್ಥೆಗಳಲ್ಲೊಂದಾದ ಡಬ್ಲ್ಯುಬಿಒ ಐವರು ಜಡ್ಜ್‌ಗಳಿಂದ ವಿಡಿಯೊ ನೋಡಿಸಿತು. ಐವರೂ ಪ್ಯಾಕಿಯಾವೊ ಗೆದ್ದರೆಂದರು. ಫಲಿತಾಂಶ ಕದಲಲಿಲ್ಲ. 2017ರಲ್ಲಿ ಬ್ರಿಸ್ಬೇನ್‌ನಲ್ಲಿ ಪ್ಯಾಕಿಯಾವೊ ಜೆಫ್ ಹಾರ್ನ್‌ಗೆ ಸೋತಾಗಲೂ ಮರುಪರಿಶೀಲನೆ ನಡೆಯಿತು. ಅದರಲ್ಲಿ ಹಾರ್ನ್ 7 ರೌಂಡ್ ಗೆದ್ದಿದ್ದಾರೆಂದೇ ಬಂತು. ಜನ ಎರಡೂ ಪಂದ್ಯವನ್ನು ಒಂದೇ ಉಸಿರಿನಲ್ಲಿ ದರೋಡೆ ಎನ್ನುತ್ತಾರೆ, ಆದರೆ ಎರಡರ ತೂಕ ಒಂದಲ್ಲ.

ಬದಲಾದ ಉದಾಹರಣೆಗಳೂ ಇವೆ. 2011ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಬರ್ನಾರ್ಡ್ ಹಾಪ್ಕಿನ್ಸ್ ಅವರನ್ನು ಚ್ಯಾಡ್ ಡಾಸನ್ ಎತ್ತಿ ಕೆಡವಿದಾಗ ಭುಜಕ್ಕೆ ಪೆಟ್ಟಾಯಿತು. ರೆಫರಿ ಅದನ್ನು ಡಾಸನ್‌ರ ಗೆಲುವೆಂದರು, ಕ್ಯಾಲಿಫೋರ್ನಿಯಾ ಕಮಿಷನ್ ಆಮೇಲೆ ‘ನೋ ಕಾಂಟೆಸ್ಟ್’ ಮಾಡಿತು. 2024ರ ಏಪ್ರಿಲ್‌ನಲ್ಲಿ ಡೆವಿನ್ ಹೇನಿ ವಿರುದ್ಧ ರಯಾನ್ ಗಾರ್ಸಿಯಾ ಗೆದ್ದದ್ದು ನಿಷೇಧಿತ ಔಷಧ ಆಸ್ಟರೀನ್ ಪತ್ತೆಯಾಗಿ ರದ್ದಾಯಿತು.

ಕೆಟ್ಟ ಕಾರ್ಡ್ ಕೊಟ್ಟ ಜಡ್ಜ್‌ಗೆ ಶಿಕ್ಷೆ ಇಲ್ವಾ?

ಇದೆ, ಆದರೆ ಸಣ್ಣದು. ಟೇಲರ್–ಕ್ಯಾಟೆರಲ್ ಪಂದ್ಯದಲ್ಲಿ 114–111 ಬರೆದ ಜಡ್ಜ್ ಇಯಾನ್ ಜಾನ್-ಲೂಯಿಸ್ ಅವರನ್ನು ಬ್ರಿಟಿಷ್ ಬಾಕ್ಸಿಂಗ್ ಮಂಡಳಿ ಅತ್ಯುನ್ನತ ದರ್ಜೆಯಿಂದ ಒಂದು ಮೆಟ್ಟಿಲು ಇಳಿಸಿತು. ಬ್ರ್ಯಾಡ್ಲಿ ಪರ ಬರೆದಿದ್ದ ಸಿ.ಜೆ. ರಾಸ್, ಮರುವರ್ಷ ಫ್ಲಾಯ್ಡ್ ಮೇವೆದರ್ ಸರಾಗವಾಗಿ ಗೆದ್ದ ಕನೇಲೊ ಪಂದ್ಯಕ್ಕೂ 114–114 ಬರೆದರು. ಆ ಮೇಲೆ ಜಡ್ಜ್ ಕುರ್ಚಿಯಿಂದ ದೂರ ಸರಿದರು. ಒಂದು ಕೆಟ್ಟ ಕಾರ್ಡ್ ಆದ ಮೇಲೂ ಅಷ್ಟು ದೊಡ್ಡ ಪಂದ್ಯಕ್ಕೆ ಅವರನ್ನು ನೇಮಿಸಿದವರು ಯಾರು ಎಂಬ ಪ್ರಶ್ನೆಯನ್ನು ಕಮಿಷನ್‌ಗೆ ಕೇಳಬೇಕು.

ಜಡ್ಜ್‌ಗಳಿಗೆ ದುಡ್ಡು ತಿನ್ನಿಸಿರ್ತಾರೆ ಅಂತಾರಲ್ಲ?

ಸಾಕ್ಷಿಯಿಲ್ಲದೆ ಒಬ್ಬರ ಹೆಸರು ಹಿಡಿದು ಹೀಗೆ ಹೇಳಬಾರದು. ಅಷ್ಟಕ್ಕೂ ಲಂಚವಿಲ್ಲದೆಯೂ ತೀರ್ಪು ವಾಲುತ್ತದೆ. ದೊಡ್ಡ ಹೆಸರಿನ ಬಾಕ್ಸರ್ ಮುಂದಿನ ಪಂದ್ಯ ಕೋಟಿಗಟ್ಟಲೆ ವ್ಯವಹಾರ ಎಂಬುದು ಎಲ್ಲರಿಗೂ ಗೊತ್ತು. ಜಡ್ಜ್‌ಗಳ ಶುಲ್ಕ ಕಟ್ಟುವವರು ಪಂದ್ಯ ಏರ್ಪಡಿಸುವ ಪ್ರೊಮೋಟರ್. ತವರಿನ ಬಾಕ್ಸರ್‌ನ ಒಂದೊಂದು ಏಟಿಗೂ ಸಾವಿರಾರು ಜನ ಕೂಗುತ್ತಾರೆ. ಇವು ತೂಗಾಟದ ರೌಂಡ್‌ಗಳನ್ನು ಗೊತ್ತಿಲ್ಲದಂತೆ ಒಂದೇ ಕಡೆ ತಳ್ಳುತ್ತವೆ. ಶುಲ್ಕ ಕಟ್ಟುವ ಕೈ ಪ್ರೊಮೋಟರ್‌ದಾಗಿರಬಾರದು ಎಂಬ ಬೇಡಿಕೆಗೆ ನಾವು ದನಿಗೂಡಿಸುತ್ತೇವೆ.

ಅಂಕವನ್ನು ನಡುನಡುವೆ ಘೋಷಿಸಿಬಿಟ್ಟರೆ ಈ ಜಗಳವೇ ಇರಲ್ಲ ಅಲ್ವಾ?

ಇನ್ನೊಂದು ಪ್ರಶಸ್ತಿ ಸಂಸ್ಥೆ ಡಬ್ಲ್ಯುಬಿಸಿ, ಇದನ್ನು ಒಪ್ಪುವ ಕಡೆಗಳಲ್ಲಿ 4 ಮತ್ತು 8ನೇ ರೌಂಡ್ ಆದ ಮೇಲೆ ಅಂಕ ಘೋಷಿಸುತ್ತದೆ. ಹಿಂದಿರುವವರಿಗೆ ಏನು ಮಾಡಬೇಕೆಂದು ತಿಳಿಯುವುದು ಲಾಭ. ಡೆ ಲಾ ಹೋಯಾ ಮಾಡಿದಂಥ ತಪ್ಪೆಣಿಕೆ ಆಗುವುದಿಲ್ಲ. ನಷ್ಟವೂ ಇದೆ. 8 ರೌಂಡಿಗೆ ಆರು ಅಂಕ ಮುಂದಿರುವವರು ಉಳಿದ ನಾಲ್ಕನ್ನು ತಬ್ಬಿ ಹಿಡಿದು, ಓಡಾಡಿ ಕಳೆಯಬಹುದು. ಅಂಕ ಕೇಳಿದ ಜನ ಜಡ್ಜ್ ಕಡೆ ತಿರುಗಿ ಕೂಗಿದರೆ 9ನೇ ರೌಂಡಿನ ಚೀಟಿ ಬರೆಯುವ ಕೈ ಅಲುಗದೆ ಇರುವುದು ಕಷ್ಟ. ಮೇಲಾಗಿ ಕೆಟ್ಟ ಕಾರ್ಡನ್ನು ಮೊದಲೇ ಓದಿ ಹೇಳಿದರೆ ಅದು ಒಳ್ಳೆಯದಾಗುವುದಿಲ್ಲ.

ಇದಕ್ಕಿಂತ ಪಂದ್ಯದ ಮರುದಿನ ಪ್ರತಿ ಜಡ್ಜ್ ತಮ್ಮ ಕಾರ್ಡಿನ ವಿವಾದಿತ ರೌಂಡ್‌ಗಳಿಗೆ ಎರಡು ಸಾಲು ಕಾರಣ ಬರೆದು ಕಮಿಷನ್‌ಗೆ ಕೊಡಬೇಕು, ಅದನ್ನು ಪ್ರಕಟಿಸಬೇಕು ಎಂಬುದು ಹೆಚ್ಚು ಉಪಯೋಗದ ಬೇಡಿಕೆ. ಲೂಯಿಸ್ ಪಂದ್ಯದಲ್ಲಿ 43ಕ್ಕೆ 11 ಆದ ರೌಂಡನ್ನು 11ರವರಿಗೆ ಯಾಕೆ ಕೊಟ್ಟಿರಿ ಎಂದರೆ ಎರಡು ಸಾಲು ಬರೆಯಲು ಯಾರಿಗಾದರೂ ಸಾಧ್ಯವೇ?

ಮರುಪಂದ್ಯ ಆಡಿಸಿದರೆ ನ್ಯಾಯ ಸಿಕ್ಕ ಹಾಗೆ ತಾನೆ?

ಕೆಲವೊಮ್ಮೆ. ಲೂಯಿಸ್ ಎಂಟು ತಿಂಗಳಲ್ಲೇ, 1999ರ ನವೆಂಬರ್ 13ರಂದು ಹೋಲಿಫೀಲ್ಡ್ ಅವರನ್ನು ಮೂವರೂ ಜಡ್ಜ್‌ಗಳ ಒಪ್ಪಿಗೆಯಲ್ಲಿ ಸೋಲಿಸಿದರು. ಪ್ಯಾಕಿಯಾವೊ 2014 ಮತ್ತು 2016ರಲ್ಲಿ ಬ್ರ್ಯಾಡ್ಲಿಯನ್ನು ಎರಡು ಸಲ ಸೋಲಿಸಿದರು. ಕ್ಯಾಟೆರಲ್ 2024ರ ಮೇ 25ರಂದು ಲೀಡ್ಸ್‌ನಲ್ಲಿ ಟೇಲರ್ ವಿರುದ್ಧ ಗೆದ್ದರು. ಆದರೆ ಗ್ಲಾಸ್ಗೋದ ರಾತ್ರಿ ಟೇಲರ್ ಬಳಿ ನಾಲ್ಕೂ ಪ್ರಮುಖ ಪ್ರಶಸ್ತಿ ಸಂಸ್ಥೆಗಳ ಬೆಲ್ಟ್‌ಗಳಿದ್ದವು. ಲೀಡ್ಸ್‌ನಲ್ಲಿ ಅವು ಪಣಕ್ಕಿರಲಿಲ್ಲ. ಗೊಲೊವ್ಕಿನ್ 2018ರ ಮರುಪಂದ್ಯವನ್ನು 115–113, 115–113, 114–114ರಲ್ಲಿ ಸೋತರು, 2022ರ ಮೂರನೆಯದನ್ನೂ ಸೋತರು. ಅಷ್ಟರಲ್ಲಿ ಅವರಿಗೆ 40 ವರ್ಷ. ವಿಟೇಕರ್‌ಗೆ ಚಾವೆಜ್ ವಿರುದ್ಧ ಎರಡನೇ ಅವಕಾಶ ಸಿಗಲೇ ಇಲ್ಲ.